ಮುಚ್ಚುವ ಮಣ್ಣು

“ಎಲ್ಲೇ ಮುದ್ಕಿ, ಸಮಾಧಿ? ನಿಮ್ಮಪ್ಪನ್ ಹೆಸ್ರು ಕೆತ್ತಿರೋ ಒಂದ್ ಕಲ್ಲು ತೋರ್ಸು. ಆಮೇಲೆ ಬೊಗಳು.”

ಎಂಜಿನಿಯರ್ ಪ್ರೂಯಿಟ್ ನಕ್ಷೆಯನ್ನು ಪಿಕಪ್ಪಿನ ಬಾನೆಟ್ ಮೇಲೆ ಹರಡಿಕೊಂಡೇ ನಮ್ಮ ಚಿಕ್ಕಮ್ಮ ಲವಿಯನ್ನು ಗದರಿದ. ಆಕೆಗೆ ಎಪ್ಪತ್ತೊಂಬತ್ತು. ನಾನು ಓಥಾ, ಅವನ ಕೈಕೆಳಗೆ ಬುಲ್ಡೋಜರ್ ಓಡಿಸುವವನು. ಸೀಟಿನಿಂದ ಇಳಿಯಲಿಲ್ಲ, ನಾಚಿಕೆಗೆಟ್ಟವನು.

ಅಲಬಾಮದ ನಮ್ಮ ಕರಿಯರ ಕೇರಿಯಲ್ಲಿ ಕಲ್ಲು ನೆಡಿಸುವ ಗತಿ ಯಾರಿಗಿತ್ತು? ಸತ್ತವರ ಕಾಲು ಮೂಡಣಕ್ಕೆ ಮಾಡಿ ಈ ಗುಡ್ಡದಲ್ಲೇ ಹೂಳುತ್ತೇವೆ. ತಲೆಯ ಹತ್ತಿರ ಕತ್ತಿಯಂಥ ಎಲೆಯ ಒಂದು ಯುಕ್ಕಾ ಗಿಡ ನೆಟ್ಟು, ಅವರು ಕೊನೆಗೆ ಉಂಡ ತಟ್ಟೆಯನ್ನು ಒಡೆದು ಇಡುತ್ತೇವೆ. ಸರ್ವೆಯವರು ಆ ಗಿಡಗಳನ್ನು ‘ಪೊದೆ’ ಎಂದು ಬರೆದುಕೊಂಡು ಹೋದರು. ಹೋದ ವಾರ ಗುಡ್ಡವನ್ನೆಲ್ಲ ಸವರಿ ಬೋಳು ಮಾಡಿದರು.

ಪ್ರೂಯಿಟ್‌ನ ಯೋಜನೆಯಲ್ಲಿ ಅಗೆಯುವ ಮಣ್ಣಿಗೂ ತುಂಬುವ ಮಣ್ಣಿಗೂ ತಾಳೆಯಾಗಬೇಕಿತ್ತು. ಪಟ್ಟಣದ ಕಸ ಸುರಿಯಲು ಗುಡ್ಡದ ಕೆಳಗೆ ತೋಡಿದ ಗುಂಡಿಯ ಮಣ್ಣು, ಅದರ ಸುತ್ತ ಏರಿ ಕಟ್ಟುವುದರಲ್ಲೇ ಮುಗಿದಿತ್ತು. ಪಟ್ಟಣದ ದಿನದ ಕಸವನ್ನು ಸಂಜೆಯೊಳಗೆ ಅರ್ಧ ಅಡಿ ಮಣ್ಣಿನಿಂದ ಮುಚ್ಚಲೇಬೇಕು, ಅದು ಕಾನೂನು. ಮಗ್ಗುಲಲ್ಲೇ ಗುಡ್ಡವಿದ್ದಾಗ ದೂರದಿಂದ ಯಾಕೆ ತರಬೇಕು ಎಂದು ನಕ್ಷೆಯಲ್ಲಿ ಗುಡ್ಡದ ಸುತ್ತ ಕೆಂಪು ಗೆರೆ ಎಳೆದ.

“ಅವ್ರ ಕೂಸ್ಗಳ ಹೇಲ್‌ಬಟ್ಟೆಗೆ ಮಣ್ಣು ಹೊದಿಸ್ಬೇಕು, ನಮ್ಮಕ್ಕನ ಮೈಮೇಲಿಂದ ಕಿತ್ಕೊಂಡು,” ಅಂದಳು ಚಿಕ್ಕಮ್ಮ. “ಯಾವ ದೇವ್ರು ಮೆಚ್ತಾನಪ್ಪ ಇದ್ನ?”

“ಓಥಾ, ಏನ್ ನೋಡ್ತಾ ಕೂತಿದೀಯೋ ಕತ್ತೆ? ಬ್ಲೇಡ್ ಇಳ್ಸು.”

ಇಳಿಸಿದೆ. ಅವ್ವನನ್ನು ಹೂತ ಜಾಗ ಇನ್ನೂ ಮೇಲಕ್ಕಿದೆ ಅಂದುಕೊಂಡು ಅಂಚಿನಿಂದ ತಳ್ಳುತ್ತ ಹೋದೆ. ಮೂರನೇ ಸಲಕ್ಕೆ ಕೆಂಪು ಮಣ್ಣಿನಲ್ಲಿ ನೀಲಿ ಅಂಚಿನ ತಟ್ಟೆಯ ಚೂರು ಹೊರಳಿತು. ಅದರಲ್ಲೇ ಅವ್ವನಿಗೆ ಕೊನೆಯ ಸಲ ಮೆಕ್ಕೆಜೋಳದ ಗಂಜಿ ತಿನ್ನಿಸಿದ್ದೆ. ಎರಡು ತುತ್ತು ತಿಂದು ಸಾಕು ಅಂದಿದ್ದಳು. ಎಂಜಿನ್ ನಿಲ್ಲಿಸಿ ಇಳಿದೆ.

“ನನ್ ಕೈಲಾಗಲ್ಲ ಸಾರ್. ಇಲ್ಲಿರೋದು ನಮ್ಮವ್ವ.”

“ಬೋಳಿಮಗ್ನೆ, ಇನ್ನೊಬ್ಬ ಸಿಗಲ್ವೇನೋ ನಂಗೆ?” ಎಂದು ಪ್ರೂಯಿಟ್ ನನ್ನ ದೊಡ್ಡಪ್ಪನ ಮಗ ಕ್ಲಿಯೋನ್‌ನನ್ನು ಕೂಗಿದ.

ಕ್ಲಿಯೋನ್ ಬಂದ. ನನ್ನ ಮುಖ ನೋಡಲಿಲ್ಲ. “ಮೂರ್ ಮಕ್ಳವೆ ಕಣೋ,” ಎಂದಷ್ಟೇ ಅಂದು ಮೇಲೆ ಹತ್ತಿದ.

ಕೆಳಗೆ ಲಾರಿಗಳು ಕಸ ಸುರಿಯುತ್ತಲೇ ಇದ್ದವು. ನಾನು ಚೂರನ್ನು ತಲೆಯ ಹತ್ತಿರ ಇಟ್ಟುಕೊಂಡು, ಕಾಲನ್ನು ಮೂಡಣಕ್ಕೆ ಚಾಚಿ, ಅವ್ವನ ಮೇಲೆ ಮಲಗಿದೆ. ಚಿಕ್ಕಮ್ಮ ಚಪ್ಪಲಿ ಬಿಟ್ಟು, ನನ್ನ ಭುಜ ಹಿಡಿದುಕೊಂಡು ಮೆಲ್ಲಗೆ ಪಕ್ಕದಲ್ಲಿ ಮಲಗಿದಳು.

“ಯಾಕೋ ನಿಂತೆ, ಕ್ಲಿಯೋನ್?” ಪ್ರೂಯಿಟ್ ನಕ್ಷೆ ಸುತ್ತುತ್ತ ಕೇಳಿದ. “ಅಲ್ಲೇನೂ ಇಲ್ಲ. ನಡಿ.”

ಕ್ಲಿಯೋನ್ ಗೇರ್ ಹಾಕಿದ. ಬೆನ್ನ ಕೆಳಗೆ ನೆಲ ನಡುಗತೊಡಗಿತು.