ಕಾಲುವಿ ಗ್ಯಾಂಗಿನ ಇಪ್ಪತ್ತೊಂದು ಹಾಡು

ಕಾಲುವಿ ಗ್ಯಾಂಗಿನ ಸೂಪರ್ ಹಿಟ್ಸ್ ಅಂತ ಪೆನ್‌ಡ್ರೈವ್ ಬಂದೈತಂತ, ತಗಳ್ಳಾಕ ಅಡ್ಡಿ ಇಲ್ಲೇನು ಹಂಪಕ್ಕಾ, ಅಂತ ಪಾರಮ್ಮ ಕೇಳಿದಳು. ಸಿರಿಗೇರ್ಯಾಗ ನಮ್ದು ಅಕೀದು ಒಂದ ಓಣಿ, ಇಬ್ರೂ ಭತ್ತದ ನಾಟಿಗೆ ಹೋಗೋರು. ಅಕಿ ಮಗನ ಟ್ರ್ಯಾಕ್ಟರಿಗೆ ಹಾಕಾಕ ಹಾಡು ಬೇಕು. ಆ ಗ್ಯಾಂಗಿನಾಗ ಹಾಡಿದಾವ ನನ್ನ ಮಗ ಭೀಮರಾಜ ಅಂದಮ್ಯಾಲ ಒಳ್ಳೇದು ಕೆಟ್ಟದ್ದು ನನಗ ಗೊತ್ತಿರಬೇಕು ಅಂತ ಅಕಿ ತಿಳಕಂಡಿದ್ದಳು. ನನಗೇನು ಮಣ್ಣು ಗೊತ್ತು. ಅವನು ಜೀವದಿಂದ ಇದ್ದಾಗ ಒಂದು ಹಾಡೂ ಪೂರ್ತಿ ಕೇಳಿದಾಕಿ ಅಲ್ಲ ನಾನು.

ಮನ್ಯಾಗ ಕೈ ಆಡಿಸ್ಕೊಂತ ಗಡಗಡ ಶುರು ಹಚ್ಚಿದನಂದ್ರ, ಇದು ಹಾಡೇನಲೇ, ಜಗಳೇನಲೇ, ಬಾಯಿ ಮುಚ್ಚು ಅಂತಿದ್ದೆ. ರ‍್ಯಾಪ್ ಅಂತಾರ ಯಮ್ಮಾ ಇದಕ್ಕ, ಕೊನಿಗೆ ನಿನ್ನ ಹೆಸರು ಬರ್ತದ, ಅಲ್ಲೀತನ ಕುಂದ್ರು ಅಂತಿದ್ದ. ತತ್ವಪದದೋರು ಕಡೀಕ ಹೆಸರು ಇಡ್ತಾರಲ್ಲ, ಹಂಗ ಇವನು ಪ್ರತಿ ಹಾಡಿನ ಕಡೀಕ 'ಹಂಪಕ್ಕನ ಮಗ ಭೀಮ' ಅಂತ ಹೇಳಿ ಮುಗಿಸ್ತಿದ್ದ. ಅವರಪ್ಪ ನಮ್ಮನ್ನ ಬಿಟ್ಟು ಹೋದಾಗಿನಿಂದ ಯಾರ ಮಗನಲೇ ನೀನು ಅಂತ ಯಾರು ಕೇಳಿದ್ರೂ ಅವನದು ಅದ ಉತ್ತರ. ನಾನು ಆ ಕೊನೀತನ ಒಂದಿನಾನೂ ಕುಂದರಲಿಲ್ಲ. ಮುಸುರಿ ತಿಕ್ಕೋದು ಇರ್ತಿತ್ತು, ನಳದಾಗ ನೀರು ಬಿಟ್ಟಿರ್ತಿದ್ರು, ಏನಾರ ಒಂದು. ನನ್ನ ಹೆಸರು ನನಗ ಗೊತ್ತಿಲ್ಲೇನು ಅಂತ ಎದ್ದು ಹೋಗ್ತಿದ್ದೆ.

ಹೋದ ಶ್ರಾವಣದಾಗ ಕುರುಗೋಡಿನಾಗ ಹಾಡಿ ಬರೋವಾಗ ಅವನ ಬೈಕಿಗೆ ಟಿಪ್ಪರ್ ಬಡೀತು. ಹಿಂದ ಕುಂತಿದ್ದ ಜೋಡಿ ಹಾಡೋ ದುರ್ಗೇಶ್ ಕಾಲು ಮುರಕಂಡು ಆಸ್ಪತ್ರಿ ಸೇರಿದ. ನನ್ನ ಮಗ ಉಳೀಲಿಲ್ಲ.

ನಮ್ಮಲ್ಲಿ ಸತ್ತೋರನ್ನ ಮಣ್ಣು ಮಾಡೋವಾಗ ಅವರಿಗೆ ಬೇಕಾದ್ದು ಜೋಡಿ ಇಡ್ತಾರ. ನಮ್ಮ ಮಾವಗ ಬೀಡಿಕಟ್ಟು ಇಟ್ಟಿದ್ವಿ, ಅತ್ತಿಗೆ ಎಲಿ-ಅಡಿಕಿ ಸಂಚಿ. ಇವಗ ಏನಿಡೋದು ಅಂತ ಮಂದಿ ನನ್ನ ಮಾರಿ ನೋಡಿದ್ರು. ಫೋನ್ ಬಿಟ್ಟು ಒಂದು ಗಳಿಗಿ ಇರ್ತಿರಲಿಲ್ಲ ನನ್ನ ಕೂಸು. ಜೇಬಿನಾಗ ಅದು ಒಡೀಲಾರದ ಉಳಿದಿತ್ತು. ನಾನ ನನ್ನ ಕೈಯಾರ ಅವನ ಎದಿ ಮ್ಯಾಲ ಇಟ್ಟೆ. ಒಳ್ಳೇದು ಮಾಡಿದಿ ಅಂದ್ರು ಎಲ್ಲಾರೂ.

ತಿಂಗಳು ಕಳೀತು, ಆಮ್ಯಾಲ ಹಿಡೀತು ನೋಡ್ರಿ ನನಗ ಆಸಿ. ಅವನು ನನ್ನ ಹೆಸರು ಹೆಂಗ ಹೇಳ್ತಿದ್ದ ಅಂತ ಒಮ್ಮಿ ಕೇಳಬೇಕು. ಪಾರಮ್ಮನ ಮಗ ಯೂಟ್ಯೂಬಿನಾಗ ಎಲ್ಲಾ ಹುಡುಕಿದ, ಒಂದೂ ಸಿಗಲಿಲ್ಲ. ಯಾವುದೋ ಕಂಪನಿಯೋರು ಹಾಡು ತಗಂಡು ಹಳೇವೆಲ್ಲಾ ತೆಗಿಸ್ಯಾರ, ಇನ್ನ ಪೆನ್‌ಡ್ರೈವ್ ಬಂದ್ರ ಅದರಾಗ ಕೇಳಬೇಕು ಅಂದ. ಆರು ತಿಂಗಳು ಅದರ ದಾರಿ ಕಾದೆ. ಉಣ್ಣಾಕ ಕುಂತ್ರೂ ಅದ, ಕೆಸರಿನಾಗ ನಿಂತ್ರೂ ಅದ. ಆ ಸಾಲು ಕೇಳಿದ್ರ ಬದುಕ್ತೀನಿ, ಇಲ್ಲಂದ್ರ ಇಲ್ಲ ಅನ್ನಂಗ ಆಗಿತ್ತು.

ಪಾರಮ್ಮಗ, ತಡಿ, ನಾನ ಹೋಗಿ ನೋಡಿ ಬಂದು ಹೇಳ್ತೀನಿ ಅಂದು ಬಳ್ಳಾರಿ ಬಸ್ ಹತ್ತಿದೆ. ಬಸ್‌ಸ್ಟ್ಯಾಂಡ್ ಬಾಜು ದಸ್ತಗೀರಸಾಬ್ ಅಂಬೋರ ಮೊಬೈಲ್ ಅಂಗಡಿ. ಪೆನ್‌ಡ್ರೈವಿನ ಡಬ್ಬಿ ಮ್ಯಾಲ ಮೂರು ಹುಡುಗರ ಫೋಟೋ, ನಡಕ ನನ್ನ ಮಗ.

"ಇಪ್ಪತ್ತೊಂದು ಹಾಡು ಅಕ್ಕಾ. ಆರಿಸಿ ಆರಿಸಿ ಹಾಕ್ಯಾರ, ತಗಾರಿ," ಅಂದ್ರು ಸಾಬ್ರು.

"ಮೊದಲು ಕೇಳಿಸ್ರಿ. ಒಂದು ಹಾಡಿನ ಕೊನಿ ಕೇಳಿದ್ರ ಸಾಕು," ಅಂದೆ.

ಅವರು ನನ್ನ ಒಂದ್ಸಲ ನೋಡಿದ್ರು, ಫೋಟೋ ನೋಡಿದ್ರು, ಸ್ಟೂಲ್ ಸರಿಸಿ ಕಿವಿಗೆ ಹೆಡ್‌ಫೋನ್ ಇಟ್ರು.

ನನ್ನ ಮಗನ ದನಿ ಬಂತು. ನಾಟಿ ಹಚ್ಚೋ ಹೆಣ್ಮಕ್ಕಳ ಕಾಲಿನ ಸಂದ್ಯಾಗ ಕೆಸರು ತಿಂದ ಹುಣ್ಣು ಹೆಂಗಿರ್ತಾವ ಅಂತ ಹಾಡಿದ್ದ. ಇವನು ಯಾವಾಗ ನೋಡಿದ್ದ ನನ್ನ ಕಾಲು? ನಾನು ಅತ್ತೆ, ಆದ್ರ ಸದ್ದು ಮಾಡಲಿಲ್ಲ, ಕೊನಿ ತಪ್ಪಬಾರದು ಅಂತ. ಈಗ ಬರ್ತದ ಅನ್ನೋದರೊಳಗ ಧಡಾರ್ ಅಂತ ಎರಡನೇ ಹಾಡು ಶುರುವಾತು. ಅದರದೂ ಹಂಗ. ಮೂರನೇದೂ ಹಂಗ. ಗಿರಾಕಿ ಬಂದ್ರು, ಹೋದ್ರು. ಇಪ್ಪತ್ತೊಂದೂ ಕೇಳಿದೆ. ಒಂದರಾಗೂ ನನ್ನ ಹೆಸರಿಲ್ಲ.

ಸಾಬ್ರ ಫೋನಿನಿಂದ ದುರ್ಗೇಶನ್ನ ಕರೆಸಿದೆ. ಜೀನ್ಸ್ ತೊಳಿಯೋ ಯೂನಿಟ್ಟಿನಾಗ ಕೆಲಸ ಅವಂದು. ಕುಂಟ್ಕೊಂತ ಬಂದ, ಮೊಣಕೈತನ ನೀಲಿ ಬಣ್ಣ.

"ನನ್ನ ಮಗನ ಕೊನಿ ಸಾಲು ಎಲ್ಲಿ ಹಾಕಿದಿರಲೇ?" ಅಂದೆ.

ಅವನು ತಲಿ ತಗ್ಗಿಸಿದ. "ಅಮ್ಮಾ, ಟ್ರ್ಯಾಕ್ಟರಿನಾಗ, ಆಟೋದಾಗ ಹಾಕಿದ್ರ ಹಾಡು ಎಲ್ಲೂ ನಿಲ್ಲಬಾರದು ಅಂದ್ರು ಕಂಪನಿಯೋರು. ಒಂದಕ್ಕೊಂದು ಜೋಡಸಾಕ ಎಲ್ಲಾದರ ಕೊನಿ ಕತ್ತರಿಸಿದ್ರು. ನಾವೂ ಹೂಂ ಅಂದ್ವಿ."

"ಕತ್ತರಿಸಿದ್ದು ಕೊಡು. ನನಗ ಅಷ್ಟ ಸಾಕು."

"ಅದನ್ನ ಯಾರು ಇಟ್ಕಂತಾರಮ್ಮಾ? ಯೂಟ್ಯೂಬಿನಾಗಿದ್ದವೂ ಅಳಿಸ್ಯಾರ, ಇನ್ನ ಪೂರ್ತಿ ಹಾಡು ಇದ್ದದ್ದು ಭೀಮನ ಫೋನಿನಾಗ ಮಾತ್ರ." ಹಂಗಂದು ಅವನು ಮಾರಿ ಎತ್ತಿದ. "ಅದು ನಿನ್ನತ್ರ ಐತಿಲ್ಲ? ಕೊಡು, ಇವತ್ತ ತೆಗೆದು ಕೊಡ್ತೀನಿ."

ಮಣ್ಣಿಗೆ ಬಂದಿರಲಿಲ್ಲ ಪಾಪ, ಅವಗೇನು ಗೊತ್ತು. ಕಡೀಕ ಹೇಳಿದೆ, ನಾನ ಅವನ ಜೋಡಿ ಇಟ್ಟು ಮುಚ್ಚಿಸೀನಿ ಅಂತ. ಅಗೆಸ್ಲೇನು ಅಂತ ಕೇಳಿದೆ. ಹೌದು, ಕೇಳಿದೆ, ಹೆತ್ತಾಕಿ ಕೇಳೋ ಮಾತಲ್ಲ ಅದು. ಆಮ್ಯಾಲ ಎಷ್ಟು ಮಳಿ ಬಿದ್ದಾವಮ್ಮಾ, ನೀರು ಹೊಕ್ಕ ಫೋನಿನಾಗ ಏನೂ ಉಳಿದಿರಂಗಿಲ್ಲ, ಅವನ್ನ ಎಬ್ಬಿಸಬ್ಯಾಡ ಅಂದ.

"ಬೇಕಂದ್ರ ಅವನಂಗ ನಾನು ಹೇಳಿ ರೆಕಾರ್ಡ್ ಮಾಡಿ ಕೊಡ್ತೀನಿ."

"ನೀನು ನನ್ನ ಹೊಟ್ಟ್ಯಾಗ ಹುಟ್ಟಿಯೇನಲೇ?"

ಅಂದುಬಿಟ್ಟೆ. ಅವನು ನೀಲಿ ಕೈಲೆ ಕಣ್ಣು ಒರಸ್ಕೊಂಡ. ಅವನ ತಪ್ಪೇನೈತಿ. ಫೋನ್ ಮಣ್ಣಿನಾಗ ಇಟ್ಟಾಕಿ ನಾನು.

ಡಬ್ಬಿ ತಗಂಡು ಬಂದೆ. ಪಾರಮ್ಮಗ ಹೇಳಿದೆ: ತಗಾ, ಸುಳ್ಳು ಯಾಕ ಹೇಳ್ಲಿ, ಹುಡುಗ ಚೆಂದ ಹಾಡ್ಯಾನ. ಆದ್ರ ಒಂದು ಹಾಡೂ ಪೂರ್ತಿ ಇಲ್ಲ.

ಈಗ ಸಂಜಿಗೆ ಅಕಿ ಮಗ ಟ್ರ್ಯಾಕ್ಟರ್ ತಂದು ಮನಿ ಮುಂದ ನಿಲ್ಲಿಸಿ ಈ ಹಾಡು ಹಚ್ಚತಾನ. ನಾನು ಕಟ್ಟಿ ಮ್ಯಾಲ ಕುಂದರ್ತೀನಿ. ಎಲ್ಲೂ ಎದ್ದು ಹೋಗಂಗಿಲ್ಲ. ಹಾಡು ಕೊನಿಗೆ ಬರ್ತಿದ್ದಂಗ ಬಾಯಿ ತೆಗೆದು ನಾನ ಹೇಳಾಕ ನೋಡ್ತೀನಿ. ಹಂಪಕ್ಕನ ಮಗ ಅನ್ನೋದರೊಳಗ ಮುಂದಿನ ಹಾಡಿನ ಡ್ರಮ್ಮು ಬಂದು ಬೀಳ್ತದ. ಅವನ ಹೆಸರು ನನಗ ಒಂದ್ಸಲಾನೂ ಹೇಳಾಕ ಆಗವಲ್ದು.