ಹರಳಿನೊಳಗಿನ ಹನಿ

ಕೋಫು ಊರಿನ ಒಂದು ಹರಳು ಸಾಣೆಯ ಅಂಗಡಿಗೆ ಕೊಮಿಯಾಮ ಮೂರನೇ ತಲೆಮಾರಿನ ಯಜಮಾನ. ಒಂದು ದಿನವೂ ಸಾಣೆ ಚಕ್ರದ ಮುಂದೆ ಕೂತವನಲ್ಲ, ಉಗುರಿನ ಸಂದಿಗೆ ಕಲ್ಲುಪುಡಿ ಸೋಕಿಸಿಕೊಂಡವನಲ್ಲ. ಗಾದೆಗಳಿಗೆ ಮಾತ್ರ ಬರವಿರಲಿಲ್ಲ. ದಿನಾ ಬೆಳಿಗ್ಗೆ ಕೆಲಸದವರನ್ನು ಸಾಲಾಗಿ ನಿಲ್ಲಿಸಿ, "ಉಜ್ಜದ ರತ್ನಕ್ಕೆ ಹೊಳಪಿಲ್ಲ" ಎಂದು ಉಪದೇಶ ಬಿಗಿಯುತ್ತಿದ್ದ. ಮೂವತ್ತು ವರ್ಷ ಉಜ್ಜಿ ಉಜ್ಜಿ ಬೆರಳಿನ ಗೆರೆಗಳೇ ಸವೆದುಹೋಗಿದ್ದ ಸುಮಿಯೆ ತಲೆ ಬಗ್ಗಿಸಿ ಕೇಳುತ್ತಿದ್ದಳು. ಇಂಥವನಿಂದ ಇಂಥ ಪಾಠ ಕೇಳುವುದೂ ಸಂಬಳದ ಕೆಲಸವೇ.

ಅವಳ ಮೇಜಿನ ಮೇಲೆ ಅಪ್ಪ ಹೊಳೆಯಲ್ಲಿ ಹೆಕ್ಕಿ ಕೊಟ್ಟ ಮಸುಕು ಸ್ಫಟಿಕವೊಂದಿತ್ತು. ಬೆಳಕಿಗೆ ಹಿಡಿದು ಓರೆ ಮಾಡಿದರೆ ಒಳಗೆ ಒಂದು ಹನಿ ನೀರು ಅತ್ತಿಂದಿತ್ತ ಜಾರುತ್ತಿತ್ತು. ಮನುಷ್ಯರು ಹುಟ್ಟುವ ಮೊದಲಿನ ನೀರು ಎಂದಿದ್ದರು ಅಪ್ಪ. ಅವರು ಹೋದ ಮೇಲೆ ಅವಳಿಗೆ ಉಳಿದದ್ದು ಅದೊಂದೇ.

"ಇದನ್ಯಾಕೆ ಹೀಗೇ ಬಿಟ್ಟಿದ್ದೀರಿ?" ಎಂದು ಒಮ್ಮೆ ಕೊಮಿಯಾಮ ಮೂಗು ಮುರಿದ. "ಬಂದ ಗಿರಾಕಿಗಳು ಏನಂದ್ಕೊಳ್ತಾರೆ?"

"ಸಾಣೆ ಹಿಡಿದ್ರೆ ಕಾವಿಗೆ ಬಿರುಕು ಬಿಡತ್ತೆ ಯಜಮಾನ್ರೇ. ನೀರು ಹೋಗ್ಬಿಡತ್ತೆ."

"ನೋಡಿ, ಉಜ್ಜದ ರತ್ನಕ್ಕೆ..."

"ಗೊತ್ತು ಯಜಮಾನ್ರೇ. ಬೆಳಿಗ್ಗೆ ತಾನೇ ಹೇಳಿದ್ರಿ."

ಆಗಸ್ಟಿನಲ್ಲಿ ಹಿರಿಯರ ಹಬ್ಬ ಒಬೊನ್‌ಗೆ ಅಂಗಡಿ ಮೂರು ದಿನ ಮುಚ್ಚಿತು. ಸುಮಿಯೆ ಅಪ್ಪನ ಸಮಾಧಿ ತೊಳೆದು ಹೂವಿಟ್ಟು ಬರಲು ಹಳ್ಳಿಗೆ ಹೋದಳು. ಇತ್ತ ಕೊಮಿಯಾಮನಿಗೆ ಪುರುಸೊತ್ತು ಸಿಕ್ಕಿತು. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತು.

ನಾಲ್ಕನೆಯ ದಿನ ಎಲ್ಲರನ್ನೂ ನಿಲ್ಲಿಸಿ ಅವನು ನೇರಳೆ ರೇಷ್ಮೆಯ ಗಂಟು ಬಿಚ್ಚಿದ. "ಸುಮಿಯೆ ಅವರ ಮೂವತ್ತು ವರ್ಷದ ಸೇವೆಗೆ ನನ್ನ ಉಡುಗೊರೆ. ನಾನೇ ಕೂತು ಸಾಣೆ ಹಿಡಿದದ್ದು."

ಸ್ಫಟಿಕ ಪಳಪಳ ಹೊಳೆಯುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ಯಜಮಾನ ಕೊಟ್ಟದ್ದಕ್ಕೆ ತಟ್ಟದೆ ಇರುವವರುಂಟೇ? ಸುಮಿಯೆ ಬಾಗಿ, ಎರಡೂ ಕೈಯಲ್ಲಿ ತೆಗೆದುಕೊಂಡು ಓರೆ ಮಾಡಿದಳು. ಮತ್ತೊಮ್ಮೆ ಓರೆ ಮಾಡಿದಳು. ಒಳಗೆ ಏನೂ ಜಾರಲಿಲ್ಲ. ಒಣಗಿದ ಗುಳಿಯೊಂದು, ಅದರಿಂದ ಹೊರಟ ಬಿಳಿ ಬಿರುಕೊಂದು ಕಂಡವು. ಅಪ್ಪ ಎರಡನೇ ಸಲ ಸತ್ತಷ್ಟು ಸಂಕಟವಾಯಿತು ಅವಳಿಗೆ.

ಅವಳ ಕಣ್ಣು ಬಿರುಕಿನ ಮೇಲೆಯೇ ನಿಂತದ್ದನ್ನು ಕಂಡು ಕೊಮಿಯಾಮ ಹಲ್ಲು ಕಿರಿದ. "ಎಂಥಾ ರತ್ನಕ್ಕೂ ಒಂದು ಕುಂದು ಇದ್ದೇ ಇರತ್ತೆ ಅಂತ ಹಿರಿಯರು ಹೇಳಿಲ್ವೇ?"

"ಇದಕ್ಕಿರ್ಲಿಲ್ಲ ಯಜಮಾನ್ರೇ, ನೀವು ಕೈ ಹಾಕೋವರೆಗೂ."

ಅವಳು ಕಲ್ಲನ್ನು ರೇಷ್ಮೆಯ ಮೇಲಿಟ್ಟು, ನಾಲ್ಕು ಮೂಲೆ ಸೇರಿಸಿ ನೀಟಾಗಿ ಗಂಟು ಹಾಕಿ ಅವನ ಕೈಗೇ ಕೊಟ್ಟಳು.

"ನೀವೇ ಇಟ್ಕೊಳ್ಳಿ. ನನ್ನದು ಇದರಲ್ಲಿ ಏನೂ ಉಳಿದಿಲ್ಲ."