ಬೆಂಕಿ ತೋರಿಸಬಾರದ ಬೇರು

ಮದ್ದಿನ ಗುಟ್ಟನ್ನು ತಂಗಿಗೆ ಹೇಳಿಕೊಟ್ಟು ಅಜ್ಜಿ ಕಣ್ಣು ಮುಚ್ಚಿ ಹದಿನಾರು ವರ್ಷವಾಗಿತ್ತು. ಅಕ್ಕನ ಹೊಟ್ಟೆಯುರಿ ಮಾತ್ರ ಇನ್ನೂ ಆರಿರಲಿಲ್ಲ. ಓದಿದವಳು ಅವಳು, ಪ್ರಯೋಗಾಲಯದಲ್ಲಿ ಕೆಲಸ ಹಿಡಿದವಳು ಅವಳು. ಆದರೂ ಗಾಯ ಕೀವಾದವರು, ಮೈಮೇಲೆ ಹುಳುಕಡ್ಡಿ ಎದ್ದವರು ಹುಡುಕಿಕೊಂಡು ಹೋಗುತ್ತಿದ್ದದ್ದು ತಂಗಿಯ ಮನೆಯನ್ನು.

ಈಗ ಆ ತಂಗಿಯೇ ಬೇರಿನ ಪೊಟ್ಟಣ ಹಿಡಿದು ಅಕ್ಕನ ಮೇಜಿನ ಮುಂದೆ ನಿಂತಿದ್ದಳು. ಪರೀಕ್ಷೆಯ ವರದಿಯಿಲ್ಲದೆ ಇನ್ನು ಯಾರಿಗೂ ಮದ್ದು ಕೊಡಕೂಡದೆಂದು ಆರೋಗ್ಯ ಇಲಾಖೆಯವರು ಹೇಳಿಹೋಗಿದ್ದರಂತೆ.

"ಹೇಗೆ ಅರೀಬೇಕು ಅಂತ ನಿಂಗೆ ಗೊತ್ತಲ್ಲಕ್ಕಾ," ಎಂದಳು.

ಗೊತ್ತಿತ್ತು. ಅಜ್ಜಿ ಹೇಳಿಕೊಡುವಾಗ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು: ಹಸಿ ಬೇರನ್ನೇ ತಣ್ಣೀರಿನಲ್ಲಿ ಅರೆಯಬೇಕು, ಬೆಂಕಿ ತೋರಿಸಬಾರದು. ಆ ಕಳ್ಳತನ ತಿಳಿದೇ ತಂಗಿ ಚುಚ್ಚುತ್ತಿದ್ದಾಳೆಂದು ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಪ್ರಯೋಗಾಲಯದ ಪದ್ಧತಿ ಬೇರೆ. ಯಾವ ಬೇರು ಬಂದರೂ ಓವನ್ನಿನಲ್ಲಿ ಒಣಗಿಸಿ, ಪುಡಿ ಮಾಡಿ, ಕುದಿಸಿ ಸಾರ ತೆಗೆಯುವುದು. ನಿಯಮದಂತೆ ಅರ್ಧ ಬೇರನ್ನು ಫ್ರಿಜ್ಜಿನಲ್ಲಿ ಎತ್ತಿಟ್ಟು, ಉಳಿದರ್ಧವನ್ನು ಆ ಪದ್ಧತಿಯಂತೆಯೇ ಒಣಗಿಸಿ ಕುದಿಸಿದಳು. ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಆ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಒಂದು ತಟ್ಟೆಯಲ್ಲಿ ಬ್ಯಾಕ್ಟೀರಿಯಾದ ಮೇಲೆ, ಇನ್ನೊಂದರಲ್ಲಿ ಶಿಲೀಂಧ್ರದ ಮೇಲೆ ಇಟ್ಟಳು. ಮದ್ದಿಗೆ ಕಸುವಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ತಿಳಿಯಾದ ಉಂಗುರ ಕಾಣಬೇಕು. ಎರಡು ದಿನದ ಮೇಲೆ ನೋಡಿದರೆ ಉಂಗುರದ ಸುಳಿವೇ ಇಲ್ಲ. ಅವತ್ತು ಅವಳಿಗೆ ಊಟ ರುಚಿಸಿತು.

ವರದಿಯ ಫಲಿತಾಂಶವನ್ನಷ್ಟೇ ಓದಿದ ತಂಗಿ ಜಗಳಕ್ಕೆ ನಿಲ್ಲಲಿಲ್ಲ. ಮುಖ ಸಣ್ಣದು ಮಾಡಿಕೊಂಡಳು, ಅಷ್ಟೆ.

"ಬೇರು ಗುರುತಿಸೋದ್ರಲ್ಲಿ ನಾನೇ ತಪ್ಪಿರ್ಬೇಕು. ನೀನು ಅರೆದದ್ದು ತಪ್ಪಿರಲ್ಲ. ಬಾಗಿಲ ಹಿಂದೆ ನೀನಿದ್ದೀಯ ಅಂತ ಅಜ್ಜಿಗೆ ಗೊತ್ತಿತ್ತು ಕಣೇ. ನಿಂಗೂ ಕೇಳ್ಲಿ ಅಂತಾನೇ ಅಷ್ಟು ಗಟ್ಟಿಯಾಗಿ ಹೇಳ್ತಿದ್ರು. ಕರೆದ್ರೆ ಬರಲ್ಲ, ಬಿಗುಮಾನ ಅವಳಿಗೆ, ಅಂತಿದ್ರು."

ಅಕ್ಕ ವರದಿಯನ್ನು ತಂಗಿಯ ಕೈಯಿಂದ ವಾಪಸು ತೆಗೆದುಕೊಂಡು, ಇನ್ನೊಂದು ಸಲ ನೋಡಬೇಕು, ಮೂರು ದಿನ ಬಿಟ್ಟು ಬಾ ಎಂದಷ್ಟೇ ಹೇಳಿದಳು.

ಫ್ರಿಜ್ಜಿನಲ್ಲಿದ್ದ ಅರ್ಧ ಬೇರನ್ನು ತಣ್ಣೀರಿನಲ್ಲಿ ಅರೆದಳು. ಎರಡನೆಯ ದಿನ ಎರಡೂ ತಟ್ಟೆಗಳಲ್ಲಿ ಉಂಗುರ ಮೂಡಿತ್ತು. ದೊಡ್ಡದಕ್ಕೆ ಸ್ಕೇಲಿಟ್ಟಳು: ಹದಿನೆಂಟು ಮಿಲಿಮೀಟರ್. ಕಡಿಮೆಯಾಗಲಿ ಎಂದುಕೊಂಡೇ ಮತ್ತೊಮ್ಮೆ ಅಳೆದಳು. ಹದಿನಾರು ವರ್ಷದ ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಹದಿನೆಂಟೇ ಇತ್ತು. ಬರೆದಳು.

ಅದರ ಕೆಳಗೆ, ಸಾರ ತೆಗೆದ ವಿಧಾನ ಎಂದಿದ್ದ ಜಾಗದಲ್ಲಿ, ಬಾಗಿಲ ಹಿಂದೆ ನಿಂತು ಕೇಳಿದ್ದನ್ನೆಲ್ಲ ಒಂದಕ್ಷರವೂ ಬಿಡದೆ ಬರೆದಳು.